ಹಳ್ಳಿಯ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಪಾದ್ರಿಗಳು ಸಂಸಾರಸ್ಥರಾಗಿದ್ದರೂ ಭಾನುವಾರ ಮನೆಯಲ್ಲಿ ಸಿಗುವುದಿಲ್ಲ, ಏಕೆ?

ಒಬ್ಬರ ಹೊಣೆಗೆ ಹಲವು ಊರುಗಳ ಸಭೆಗಳು, ಅಂದರೆ ಕ್ರೈಸ್ತ ಭಕ್ತರ ಸಮುದಾಯಗಳು, ಸೇರಿರುವುದೇ ಸಾಮಾನ್ಯವಾಗಿ ಇದಕ್ಕೆ ಕಾರಣ. 1947ರ ಸೆಪ್ಟೆಂಬರ್ 27ರಂದು ರೂಪುಗೊಂಡ ಈ ದಕ್ಷಿಣ ಭಾರತ ಸಭೆಯಲ್ಲಿ ಪ್ರಾರ್ಥನೆ, ಪ್ರಸಂಗಗಳನ್ನು ದೀಕ್ಷೆ ಪಡೆಯದ ಉಪದೇಶಕರೂ ನಡೆಸಬಹುದು. ಆದರೆ ರೊಟ್ಟಿ ಮತ್ತು ದ್ರಾಕ್ಷಾರಸ ಹಂಚುವ ಕರ್ತನ ಭೋಜನವನ್ನು ದೀಕ್ಷೆ ಪಡೆದ ಪಾದ್ರಿಗಳೇ ನಡೆಸಬೇಕಾದ್ದರಿಂದ, ಅವರು ಬೆಳಿಗ್ಗೆ ಒಂದು ಊರಿನ ಆರಾಧನೆ ಮುಗಿಸಿ, ಬಿಳಿ ನಿಲುವಂಗಿಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡು ಬೈಕಿನಲ್ಲಿ ಮುಂದಿನ ಊರಿಗೆ ಹೊರಡುತ್ತಾರೆ.

ರೋಮನ್ ಕ್ಯಾಥೊಲಿಕ್ ಪಾದ್ರಿಗಳಿಗಿರುವ ಬ್ರಹ್ಮಚರ್ಯದ ಕಟ್ಟುಪಾಡು ಇವರಿಗಿಲ್ಲ. ಆದರೆ ವಾಸದ ಮನೆ ಸಭೆಯದು. ವರ್ಗವಾದಾಗ ಮಕ್ಕಳ ಶಾಲೆಯೂ ಬದಲಾಗುತ್ತದೆ. ಹೆಂಗಸರ ಪ್ರಾರ್ಥನಾ ಕೂಟ, ಭಾನುವಾರದ ಶಾಲೆ, ಹೊತ್ತುಗೊತ್ತಿಲ್ಲದೆ ಬರುವವರಿಗೆ ಚಹಾ ಎಂದು ದುಡಿಯುವ ಹೆಂಡತಿಯ ಪಾಲನ್ನು ಮಾತ್ರ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದು ನ್ಯಾಯವೆಂದು ನನಗನಿಸುವುದಿಲ್ಲ.