ಚರ್ಚ್ ರಾಜಕೀಯಕ್ಕೆ ಇಳಿದ್ರೆ ಉಳಿಯುತ್ತಾ, ಸುಮ್ಮನಿದ್ರೆ ಉಳಿಯುತ್ತಾ?

ನೀವು ಕೇಳಿದ್ದು ಇದೇ ಅಲ್ವಾ. ನಾನು ಪಂಡಿತ ಅಲ್ಲ, ಭಾನುವಾರ ಆರಾಧನೆಗೆ ಹೋಗಿ ಹಿಂದಿನ ಬೆಂಚಲ್ಲಿ ಕೂರೋನು ಅಷ್ಟೇ, ಆದ್ರೆ ಈ ವಿಷ್ಯ ತುಂಬಾ ದಿನದಿಂದ ತಲೇಲಿದೆ.

ಅಧಿಕಾರದ ತೊಡೆ ಮೇಲೆ ಕೂತ್ರೆ ಏನಾಗುತ್ತೆ ಅನ್ನೋಕೆ ಸ್ಪೇನ್ ಸಾಕು. ಅಲ್ಲಿನ ಸರ್ವಾಧಿಕಾರಿ ಫ್ರಾಂಕೋ ಇರೋವರೆಗೂ ಕ್ಯಾಥೊಲಿಕ್ ಧರ್ಮವೇ ಸರ್ಕಾರಿ ಧರ್ಮ, ಬಿಷಪ್ ನೇಮಕದಲ್ಲೂ ಅವನ ಕೈ. 1975ರಲ್ಲಿ ಅವನು ಹೋದ, 2005ಕ್ಕೆ ಅದೇ ದೇಶದಲ್ಲಿ ಬಿಷಪ್‌ಗಳು ಬೀದಿಗಿಳಿದು ಬೇಡ ಅಂದ್ರೂ ಸಲಿಂಗ ಮದುವೆ ಕಾನೂನು ಪಾಸಾಯ್ತು. ಮೂವತ್ತೇ ವರ್ಷ!

ಹಾಗಾದ್ರೆ ಅನ್ಯಾಯದ ವಿರುದ್ಧ ನಿಂತ ಚರ್ಚ್ ತುಂಬಿ ತುಳುಕುತ್ತಾ ಅಂದ್ರೆ ಅದೂ ಇಲ್ಲ ಕಣ್ರೀ, ನಂಗೆ ಬೇಜಾರಾಗಿದ್ದು ಇಲ್ಲೇ. ಆಗ ಕಮ್ಯುನಿಸ್ಟ್ ಆಡಳಿತ ಇದ್ದ ಪೂರ್ವ ಜರ್ಮನಿಯ ಲೈಪ್ಜಿಗ್‌ನಲ್ಲಿ ನಿಕೋಲಾಯ್ ಚರ್ಚ್ ಅಂತ ಇದೆ, 1982ರಿಂದ ಪ್ರತಿ ಸೋಮವಾರ ಸಂಜೆ ಶಾಂತಿಗೋಸ್ಕರ ಪ್ರಾರ್ಥನೆ ಮಾಡ್ತಿದ್ರು, ಬರ್ತಾ ಬರ್ತಾ ದೇವರನ್ನ ನಂಬದೇ ಇರೋರೂ ಬಂದು ಕೂರೋಕೆ ಶುರು ಮಾಡಿದ್ರು, ಯಾಕಂದ್ರೆ ಬಾಯಿಬಿಟ್ಟು ಮಾತಾಡೋಕೆ ಬೇರೆ ಜಾಗಾನೇ ಇರ್ಲಿಲ್ಲ. 1989 ಅಕ್ಟೋಬರ್ 9ರಂದು ಪ್ರಾರ್ಥನೆ ಮುಗಿದ್ಮೇಲೆ ಸುಮಾರು 70,000 ಜನ ಬೀದೀಲಿ ನಡೆದ್ರು, ಕೈಯಲ್ಲಿ ಮೇಣದಬತ್ತಿ, ಪೊಲೀಸರು ಗುಂಡು ಹಾರಿಸ್ಲಿಲ್ಲ, ಒಂದೇ ತಿಂಗಳಿಗೆ ಬರ್ಲಿನ್ ಗೋಡೆ ತೆರೀತು. ಇಷ್ಟೆಲ್ಲಾ ಆದ್ಮೇಲೂ ಆ ಜನ ಚರ್ಚಿಗೆ ವಾಪಸ್ ಬರ್ಲಿಲ್ಲ. ಇವತ್ತಿಗೂ ಆ ಭಾಗದಲ್ಲಿ ಯಾವ ಧರ್ಮಾನೂ ಇಲ್ಲ ಅನ್ನೋರೇ ಜಾಸ್ತಿ.

ಅದಕ್ಕೆ ಅವರು ಮಾಡಿದ್ದು ವೇಸ್ಟ್ ಅಂತೀರಾ? ನಾನು ಅನ್ನಲ್ಲ. ಸೀಟು ತುಂಬಿಸ್ಕೊಳೋಕೆ ಮಾಡಿದ ಕೆಲಸವೇ ಅಲ್ಲ ಅದು. ಕೈಸರನದ್ದು (ಅಂದ್ರೆ ರೋಮ್ ಚಕ್ರವರ್ತಿದ್ದು) ಕೈಸರನಿಗೆ, ದೇವರದ್ದು ದೇವರಿಗೆ ಅನ್ನೋ ಯೇಸುವಿನ ವಾಕ್ಯ ಹಿಡ್ಕೊಂಡು 'ನಮಗ್ಯಾಕೆ ರಾಜಕೀಯ' ಅಂತ ತಪ್ಪಿಸ್ಕೊಳೋರನ್ನ ತುಂಬಾ ನೋಡಿದೀನಿ, ಅದೇ ಬೈಬಲಲ್ಲಿ ಪ್ರವಾದಿಗಳು ರಾಜರ ಮುಖಕ್ಕೇ ಬೈದಿದ್ದೂ ಇದೆಯಲ್ಲ, ಅದನ್ನ ಮಾತ್ರ ಓದಲ್ಲ.

ಆದ್ರೆ ಅನ್ಯಾಯ ಅಂತ ಹೇಳೋದು ಬೇರೆ, ಇಂಥ ಪಕ್ಷಕ್ಕೆ ಹಾಕಿ ಅನ್ನೋದು ಬೇರೆ. ನಮ್ಮ ಸಭೇಲೂ ಒಂದ್ಸಲ ಎಲೆಕ್ಷನ್ ಟೈಮಲ್ಲಿ ಪಾಸ್ಟರ್ ಪ್ರಸಂಗದ ಕೊನೆಗೆ ಯಾರಿಗೆ ವೋಟ್ ಹಾಕ್ಬೇಕು ಅಂತ ಹೆಚ್ಚೂಕಮ್ಮಿ ಹೇಳೇಬಿಟ್ರು. ನನ್ನ ಮುಂದಿನ ಬೆಂಚಲ್ಲಿ ಕೂರ್ತಿದ್ದ ಫ್ಯಾಮಿಲಿ ಮುಂದಿನ ವಾರದಿಂದ ಬರ್ಲಿಲ್ಲ. ಪಾಸ್ಟರ್‌ನ ಎಲ್ರೂ ಬೈಕೊಂಡ್ವಿ, ಆ ಮನೆಗೆ ಒಂದು ಫೋನ್ ಮಾತ್ರ ಯಾರೂ ಮಾಡ್ಲಿಲ್ಲ, ನಾನೂ ಸೇರಿ.