ತುಳು ಬಲ್ಲವರು ಇದ್ದರೆ ಸಾಲದೇ, ವ್ಯಾಕರಣ ಬರೆಯಲು ಭಾಷಾಶಾಸ್ತ್ರದ ಸಿದ್ಧಾಂತ ಯಾಕೆ ಬೇಕು?

ಸಾಲದು ಅನ್ನುವುದು ನನ್ನ ಅನುಭವ. ನನ್ನ ಮನೆಮಾತು ಕನ್ನಡ. ಉಡುಪಿಯಲ್ಲಿ ಕೆಲವು ವರ್ಷಗಳಿಂದ ತುಳು ವಾಕ್ಯಗಳನ್ನು ಬರೆದಿಟ್ಟುಕೊಳ್ಳುತ್ತಿದ್ದೇನೆ.

ಶುರುವಿನಲ್ಲಿ ಪಕ್ಕದ ಮನೆಯ ಅಕ್ಕನನ್ನು ಕೇಳಿದೆ: "ನಾವು ನಾಳೆ ಭೂತಕೋಲಕ್ಕೆ ಹೋಗುತ್ತೇವೆ ಅನ್ನೋದನ್ನು ತುಳುವಿನಲ್ಲಿ ಹೇಗೆ ಹೇಳ್ತೀರಿ?" ಮಲ್ಲಿಗೆ ಕಟ್ಟುತ್ತಿದ್ದವರು ಕೈ ನಿಲ್ಲಿಸಿ ನನ್ನನ್ನೇ ಕೇಳಿದರು: "ನೀವೂ ಬರ್ತೀರಾ, ಅಲ್ಲ ನಾವು ಮಾತ್ರವಾ?" ಕೇಳುವವರೂ ಸೇರಿದರೆ 'ನಮ', ಸೇರದಿದ್ದರೆ 'ಎಂಕುಳು'. ಕನ್ನಡದಲ್ಲಿ ಎರಡಕ್ಕೂ 'ನಾವು' ಒಂದೇ ಸಾಕು. ಹಾಗಾಗಿ ಅದನ್ನು ಕೇಳಬೇಕೆಂದೇ ನನಗೆ ಹೊಳೆದಿರಲಿಲ್ಲ. ಹುಟ್ಟಿನಿಂದ ಹಾಗೇ ಮಾತಾಡಿದ ಅಕ್ಕನಿಗೆ ಅದರಲ್ಲಿ ವಿಶೇಷವೇನೂ ಕಂಡಿರಲಿಲ್ಲ. ಆದರೆ ಹಲವು ಭಾಷೆಗಳನ್ನು ಹೋಲಿಸಿ ನೋಡಿದ ಭಾಷಾಶಾಸ್ತ್ರಜ್ಞರಿಗೆ ಇದು ಮೊದಲ ದಿನವೇ ಕೇಳಬೇಕಾದ ಪ್ರಶ್ನೆ.

ಇನ್ನೊಂದು ಸಲ 'ಯಾನ್ ಬರ್ಪೆ' (ನಾನು ಬರುತ್ತೇನೆ), 'ಆಯೆ ಬರ್ಪೆ' (ಅವನು ಬರುತ್ತಾನೆ) ಎಂದು ಬರೆದುಕೊಂಡೆ. ಕನ್ನಡ ಲಿಪಿಯಲ್ಲಿ ಎರಡೂ ಒಂದೇ. ಓದಿ ಹೇಳಿದಾಗ ಅಕ್ಕ ತಿದ್ದಿದರು. 'ನಾನು' ಅನ್ನುವಾಗ ಕೊನೆಯ ಎಕಾರಕ್ಕೆ ಬಾಯಿ ಜಾಸ್ತಿ ತೆರೆಯಬೇಕು. ಒಂದು ಸದ್ದು ಬದಲಾದದ್ದಕ್ಕೇ ಅರ್ಥ ಬದಲಾದರೆ ಅವು ಬೇರೆ ಬೇರೆ ಧ್ವನಿಮಾಗಳು ಎಂಬ ಸಿದ್ಧಾಂತ ಗೊತ್ತಿರದಿದ್ದರೆ, ಸುಮ್ನೆ ಉಚ್ಚಾರಣೆಯ ವ್ಯತ್ಯಾಸ ಅಂದುಕೊಂಡು ಬಿಟ್ಟುಬಿಡುತ್ತಿದ್ದೆ. ಆಗ ಕ್ರಿಯಾಪದದ ಅಧ್ಯಾಯವೇ ತಪ್ಪಾಗುತ್ತಿತ್ತು.

ಆದರೆ ಸಿದ್ಧಾಂತ ನಮ್ಮನ್ನು ದಾರಿ ತಪ್ಪಿಸುವುದೂ ಉಂಟು. ಶಾಲೆಯಲ್ಲಿ ಪಂಚಮಿ ವಿಭಕ್ತಿಗೆ 'ದೆಸೆಯಿಂದ' ಅಂತ ಬಾಯಿಪಾಠ ಮಾಡಿದ್ದೇವಲ್ವಾ? 'ಮರದ ದೆಸೆಯಿಂದ ಕಾಯಿ ಬಿತ್ತು' ಅಂತ ಯಾರು ಹೇಳುತ್ತಾರೆ? 'ಮರದಿಂದ ಬಿತ್ತು', 'ಕತ್ತಿಯಿಂದ ಕಡಿದ', ಎರಡಕ್ಕೂ 'ಇಂದ'ವೇ. ಸಂಸ್ಕೃತದ ವಿಭಕ್ತಿ ಪಟ್ಟಿಯಲ್ಲಿ ಪಂಚಮಿಗೆ ಬೇರೆಯೇ ಒಂದು ಮನೆ ಇತ್ತು, ಅದನ್ನು ತುಂಬಿಸಲು 'ದೆಸೆಯಿಂದ' ತಂದು ಕೂರಿಸಿದರು. ಡಿ. ಎನ್. ಶಂಕರ ಭಟ್ಟರು 1967ರಲ್ಲಿ ತುಳುವಿನ ವಿವರಣಾತ್ಮಕ ವ್ಯಾಕರಣ ಪ್ರಕಟಿಸಿದವರು, ಆಮೇಲೆ ಜಗತ್ತಿನ ಹಲವು ಭಾಷೆಗಳನ್ನು ಹೋಲಿಸಿ ಬರೆದವರು. ಕನ್ನಡಕ್ಕೆ ಕನ್ನಡದ್ದೇ ವ್ಯಾಕರಣ ಬೇಕೆಂದು ಗಟ್ಟಿಯಾಗಿ ವಾದಿಸಿದ್ದೂ ಅವರೇ. ಸಿದ್ಧಾಂತವನ್ನು ಅಷ್ಟು ಆಳವಾಗಿ ಓದಿದ್ದರಿಂದಲೇ ಎರವಲು ಚೌಕಟ್ಟು ಎಲ್ಲಿ ಹೊಂದುವುದಿಲ್ಲ ಅನ್ನುವುದು ಅವರ ಕಣ್ಣಿಗೆ ಬಿತ್ತು ಅಂತ ನನಗನ್ನಿಸುತ್ತದೆ.

ನೀವು ಶುರು ಮಾಡುವುದಾದರೆ ಪ್ರಶ್ನೆಗಳನ್ನು ಪುಸ್ತಕದಿಂದ ತೆಗೆದುಕೊಳ್ಳಿ, ಉತ್ತರ ಮಾತ್ರ ಆಡುವವರ ಬಾಯಿಂದಲೇ ಬರಲಿ. ಪಟ್ಟಿಯಲ್ಲಿ ಒಂದು ಮನೆ ಖಾಲಿ ಉಳಿದರೆ ಖಾಲಿಯೇ ಬಿಡಿ.