ಆರೂ ಆರೂ ಹನ್ನೆರಡು, ಸೀಟಿಗೆ ಬೇಕಾದ್ದು ಏಳು

"ಪಿಯುಸಿ ರಿಸಲ್ಟ್ ಬಂದಾಗೆಲ್ಲ ನಿಮ್ಮ ಮಂಗಳೂರು, ಉಡುಪಿ ಕಡೆಯವರದ್ದೇ ಹೆಸರು. ಯಾವ ಕಾಂಬಿನೇಷನ್ ತಗೊಂಡ್ರೂ ನಿಮ್ಮ ಮಕ್ಕಳು ಪಾಸಾಗ್ತಾರೆ, ಮತ್ತೆ ಯಾಕಪ್ಪ ಇಷ್ಟು ತಲೆ ಕೆಡಿಸ್ಕೊಳ್ತೀರಾ? ಆ ಮಂಜೇಶ್ವರದವರು ಕೇರಳದವರಲ್ವಾ, ಅವರಿಗೇಕೆ ನಮ್ಮ ಸೀಟು?" ಅಂತ ಕೇಳಿದ್ದಿ. ಬೆಂಗಳೂರಲ್ಲಿ ಕೂತು ಕೇಳಲಿಕ್ಕೆ ಸುಲಭದ ಪ್ರಶ್ನೆ. ಉತ್ತರ ಸ್ವಲ್ಪ ಉದ್ದ ಉಂಟು, ಚಹಾ ಇಟ್ಟುಕೊಂಡು ಓದು ಮಾರಾಯ.

ಮೊದಲನೆಯದ್ದು ಒಪ್ಪಿದೆ. 2024ರಲ್ಲಿ ದಕ್ಷಿಣ ಕನ್ನಡ ಶೇ. 97.37, ಉಡುಪಿ ಶೇ. 96.80. 2025ರಲ್ಲಿ ಉಡುಪಿ ಶೇ. 93.90, ದಕ್ಷಿಣ ಕನ್ನಡ ಶೇ. 93.57. ಒಂದು ಮತ್ತು ಎರಡನೇ ಸ್ಥಾನ ನಮ್ಮೊಳಗೇ ಅದಲು ಬದಲು. ಆದ್ದರಿಂದಲೇ ಇಲ್ಲಿ ಪಾಸಾಗುವುದು ಯಾರಿಗೂ ಸುದ್ದಿಯಲ್ಲ. ಪಾಸಾದ ಮೇಲೆ ಯಾವ ಬಾಗಿಲು ತೆರೆದಿರುತ್ತದೆ, ಯಾವುದು ಎರಡು ವರ್ಷ ಹಿಂದೆಯೇ ಮುಚ್ಚಿಹೋಗಿತ್ತು ಎನ್ನುವುದೇ ಮಂಡೆಬಿಸಿ.

ಕಾಂಬಿನೇಷನ್ ವಿಷಯ ಬೇಗ ಮುಗಿಸುತ್ತೇನೆ. ಸೈನ್ಸಿನಲ್ಲಿ ಹೆಚ್ಚಿನ ಕಾಲೇಜುಗಳಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ಮೂರೂ ಖಾಯಂ. ನಾಲ್ಕನೆಯದ್ದು ಬಯಾಲಜಿಯೋ, ಕಂಪ್ಯೂಟರ್ ಸೈನ್ಸೋ, ಇಲೆಕ್ಟ್ರಾನಿಕ್ಸೋ, ಸ್ಟಾಟಿಸ್ಟಿಕ್ಸೋ ಎನ್ನುವುದಷ್ಟೇ ಆಯ್ಕೆ. ಬಯಾಲಜಿ ಸೇರಿದರೆ ಪಿಸಿಎಂಬಿ, ಕಂಪ್ಯೂಟರ್ ಸೇರಿದರೆ ಪಿಸಿಎಂಸಿ. "ಕಂಪ್ಯೂಟರ್ ಎಂಜಿನಿಯರಿಂಗ್ ಬೇಕಾದರೆ ಪಿಸಿಎಂಸಿಯೇ ತಗೊಳ್ಳಬೇಕು" ಎನ್ನುವ ಮಾತು ಮದುವೆ ಊಟದ ಪಂಕ್ತಿಯಲ್ಲಿ ಇವತ್ತಿಗೂ ಕೇಳುತ್ತದೆ. ತಪ್ಪು. ಕರ್ನಾಟಕದ ಪ್ರವೇಶ ಪರೀಕ್ಷೆ ಸಿಇಟಿಯಲ್ಲಿ ಕಂಪ್ಯೂಟರ್ ಸೈನ್ಸ್ ಎಂಬ ಪೇಪರೇ ಇಲ್ಲ. ಪಿಸಿಎಂಬಿಯಲ್ಲಿ ಓದಿದವನಿಗೂ ಆ ಬ್ರಾಂಚ್ ಸಿಗುತ್ತದೆ. ಬಯಾಲಜಿ ಬಿಟ್ಟರೆ ಮಾತ್ರ ಒಂದೇ ಏಟಿಗೆ ಎಂಬಿಬಿಎಸ್, ಆಯುರ್ವೇದ, ಪಶುವೈದ್ಯಕೀಯ, ಕೃಷಿ, ನರ್ಸಿಂಗ್, ಫಿಸಿಯೋಥೆರಪಿ ಎಲ್ಲ ಹೋಯಿತು. ನಮ್ಮ ಮಂಗಳೂರಿನ ಎಕ್ಕೂರಿನ ಮೀನುಗಾರಿಕಾ ಕಾಲೇಜಿನ ಬಿ.ಎಫ್.ಎಸ್ಸಿ.ಯೂ ಹೋಯಿತು. ಆ ಕಾಲೇಜು 1969ರದ್ದು, ದೇಶದಲ್ಲೇ ಮೊದಲನೆಯದ್ದು. ಕಡಲ ಬದಿಯಲ್ಲೇ ಹುಟ್ಟಿದ ಮಕ್ಕಳಿಗೆ ಅದು ಇರುವುದು ಗೊತ್ತಾಗುವುದೇ ಸಿಇಟಿ ಆಪ್ಷನ್ ಎಂಟ್ರಿ ಹೊತ್ತಿಗೆ. ಬಿ.ಫಾರ್ಮ ಮಾತ್ರ ಉದಾರಿ: ಫಿಸಿಕ್ಸ್, ಕೆಮಿಸ್ಟ್ರಿ ಜತೆಗೆ ಮ್ಯಾಥ್ಸ್ ಆದರೂ ಸೈ, ಬಯಾಲಜಿ ಆದರೂ ಸೈ.

ಹಾಗಾದರೆ ಎಲ್ಲರೂ ಪಿಸಿಎಂಬಿ ತಗೊಳ್ಳಲಿ ಅನ್ನುತ್ತಿ. ಅದಕ್ಕೂ ಬೆಲೆ ಉಂಟು. ಎಂಜಿನಿಯರಿಂಗ್ ರ‍್ಯಾಂಕಿಗೆ ಪಿಯುಸಿಯ ಪಿಸಿಎಂ ಅಂಕ ಅರ್ಧ, ಸಿಇಟಿ ಅರ್ಧ. ಸಿಇಟಿಯಲ್ಲಿ ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ, ತಪ್ಪಿದರೆ ಅಂಕ ಕಳೆಯುವುದಿಲ್ಲ. ಒಬ್ಬಳಿಗೆ ಪಿಯುಸಿಯಲ್ಲಿ 300ಕ್ಕೆ 270, ಸಿಇಟಿಯಲ್ಲಿ 180ಕ್ಕೆ 120 ಬಂತು ಅಂತಿಟ್ಟುಕೋ. 45 ಪ್ಲಸ್ 33.33, ಒಟ್ಟು 78.33. ಇನ್ನೊಬ್ಬನಿಗೆ ಪಿಯುಸಿಯಲ್ಲಿ 240 ಮಾತ್ರ, ಆದರೆ ಸಿಇಟಿಯಲ್ಲಿ 140. 40 ಪ್ಲಸ್ 38.89, ಒಟ್ಟು 78.89. ಪಿಯುಸಿಯಲ್ಲಿ 30 ಅಂಕ ಹಿಂದಿದ್ದವನು ರ‍್ಯಾಂಕಿನಲ್ಲಿ ಮುಂದೆ. ಬಯಾಲಜಿಯ ಚಿತ್ರ ಬಿಡಿಸಿ, ಹೆಸರು ಬಾಯಿಪಾಠ ಮಾಡಿ ಕಳೆದ ಸಂಜೆಗಳು ಈ ಲೆಕ್ಕದಲ್ಲಿ ಎಲ್ಲಿಯೂ ಕಾಣುವುದಿಲ್ಲ. ರಕ್ತ ಕಂಡರೆ ತಲೆ ತಿರುಗುವ ಮಗುವಿಗೆ "ಇರಲಿ, ಒಂದು ಬಾಗಿಲು" ಎಂದು ಪಿಸಿಎಂಬಿ ಕೊಡಿಸಿದರೆ ಮ್ಯಾಥ್ಸಿಗೂ ಪೆಟ್ಟು. ಮತ್ತೆ, ಬಯಾಲಜಿ ಬಿಟ್ಟ ಬಾಗಿಲು ಈಗ ಪೂರ್ತಿ ಮುಚ್ಚಿಲ್ಲ. ಹನ್ನೆರಡನೆಯದ್ದು ಪಾಸಾದ ಮೇಲೆ ಬಯಾಲಜಿಯನ್ನು ಹೆಚ್ಚುವರಿ ವಿಷಯವಾಗಿ ಬರೆದವರೂ ಎಂಬಿಬಿಎಸ್ ಪ್ರವೇಶದ ನೀಟ್‌ಗೆ ಕೂರಬಹುದು ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2023ರ ನವೆಂಬರಿನಲ್ಲಿ ಹೇಳಿದೆ. ಮ್ಯಾಥ್ಸ್ ಬಿಟ್ಟವರಿಗೆ ಎಂಜಿನಿಯರಿಂಗ್, ಆರ್ಕಿಟೆಕ್ಚರ್, ಸೇನಾ ಅಕಾಡೆಮಿ ಎನ್‌ಡಿಎಯ ನೌಕಾಪಡೆ, ವಾಯುಪಡೆ ಎಲ್ಲ ದೂರ.

ಕಾಮರ್ಸಿನವರಿಗೆ ಒಂದೇ ಮಾತು: ಬೇಸಿಕ್ ಮ್ಯಾಥ್ಸ್ ಬೇರೆ, ಸೈನ್ಸಿನವರ ಮ್ಯಾಥಮ್ಯಾಟಿಕ್ಸ್ ಬೇರೆ, ಫಾರ್ಮ್ ತುಂಬುವಾಗ ಎರಡನ್ನೂ ಒಂದೇ ಅಂತ ತಿಳಿಯಬಾರದು. ಸಿಎ ಫೌಂಡೇಶನ್ನಿಗೆ, ಲಾ ಪ್ರವೇಶ ಪರೀಕ್ಷೆಗೆ ಯಾವ ಕಾಂಬಿನೇಷನ್ ಆದರೂ ನಡೆಯುತ್ತದೆ.

"ನಿಮ್ಮವರು ಕನ್ನಡ ಬಿಟ್ಟು ಸಂಸ್ಕೃತ ತಗೊಳ್ತಾರೆ" ಎಂಬ ನಿನ್ನ ಕುಟುಕು ಕೂಡ ಬಂತು. ತಗೊಳ್ತಾರೆ, ನೂರಕ್ಕೆ ನೂರು ಬೀಳುತ್ತದೆ ಅಂತ. ಆದರೆ ಸಿಇಟಿ ಎಂಜಿನಿಯರಿಂಗ್ ರ‍್ಯಾಂಕಿಗೆ ಭಾಷೆಯ ಒಂದು ಅಂಕವೂ ಸೇರುವುದಿಲ್ಲ. 600ರ ಮೊತ್ತ ನೋಡುವ ಡಿಗ್ರಿ ಕಾಲೇಜಿನಲ್ಲಿ ಅದು ಉಪಯೋಗಕ್ಕೆ ಬರುತ್ತದೆ. ಸುರತ್ಕಲ್‌ನ ಕೇಂದ್ರ ಸರಕಾರಿ ಎಂಜಿನಿಯರಿಂಗ್ ಸಂಸ್ಥೆ ಎನ್‌ಐಟಿಕೆಗೆ ಜೆಇಇ ಮೇನ್ ಎಂಬ ದೇಶಮಟ್ಟದ ಪರೀಕ್ಷೆಯ ಮೂಲಕ ಹೋಗುವವರಿಗೆ ಹನ್ನೆರಡನೆಯದ್ದರಲ್ಲಿ ಶೇ. 75 ಇರಬೇಕು ಎಂಬ ಷರತ್ತಿಗೂ ಬರುತ್ತದೆ, ಅಲ್ಲಿ ಎಣಿಸುವ ಐದು ವಿಷಯಗಳಲ್ಲಿ ಒಂದು ಭಾಷೆ. ಅಷ್ಟಕ್ಕಾಗಿ ಕನ್ನಡ ಬಿಡುವುದು ನನಗೆ ಸರಿ ಕಾಣುವುದಿಲ್ಲ. ಅದು ನಮ್ಮ ಮನೆಯ ಜಗಳ, ನಿನಗೆ ಅದರಲ್ಲಿ ಪಾಲಿಲ್ಲ.

ಈಗ ನಿನ್ನ ಎರಡನೇ ಪ್ರಶ್ನೆ.

ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿನಲ್ಲಿ ತಲಪಾಡಿ ಬಸ್ ಹತ್ತು, ಕೊನೆಯ ಸ್ಟಾಪಿನಲ್ಲಿ ಇಳಿ, ಹತ್ತು ಹೆಜ್ಜೆ ನಡೆ. ಅಲ್ಲಿಂದ ಮುಂದೆ ಅಂಗಡಿಯ ಬೋರ್ಡಿನಲ್ಲಿ ಮಲಯಾಳವೂ ಸೇರುತ್ತದೆ, ಮಾತು ಅದೇ ತುಳು, ಅದೇ ಕನ್ನಡ. 1956ರ ನವೆಂಬರ್ 1ರವರೆಗೆ ಕಾಸರಗೋಡೂ ಮಂಗಳೂರೂ ಒಂದೇ ದಕ್ಷಿಣ ಕನ್ನಡ ಜಿಲ್ಲೆ. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಈ ಕಡೆಗೆ ಸೇರಬೇಕು ಎಂದು ಗಡಿ ತಂಟೆ ನೋಡಲು ನೇಮಿಸಿದ ಮಹಾಜನ ಆಯೋಗ 1967ರಲ್ಲಿ ಬರೆದದ್ದು ಬರೆದಲ್ಲೇ ಉಂಟು. ಮಕ್ಕಳು ಮಾತ್ರ ಆಯೋಗಕ್ಕೆ ಕಾಯದೆ ದಿನಾ ಬೆಳಿಗ್ಗೆ ಬಸ್ಸು ಹತ್ತಿ ಮಂಗಳೂರಿನ ಕಾಲೇಜಿಗೆ ಬರುತ್ತಾರೆ. ಅವರಿಗೆ ಪಿಸಿಎಂಬಿಯೋ ಪಿಸಿಎಂಸಿಯೋ ಎನ್ನುವುದು ಎರಡನೇ ಪ್ರಶ್ನೆ. ಮೊದಲನೆಯದ್ದು, ಹನ್ನೆರಡನೆಯದ್ದು ಎಲ್ಲಿ ಬರೆಯುವುದು?

ಜೆಇಇಯ ಲೆಕ್ಕ ಸರಳ. ಹನ್ನೆರಡನೆಯದ್ದು ಯಾವ ರಾಜ್ಯದಲ್ಲಿ ಪಾಸೋ ಅದೇ ತವರು ರಾಜ್ಯ. ಎನ್‌ಐಟಿಗಳಲ್ಲಿ ಅರ್ಧ ಸೀಟು ತವರಿನವರಿಗೆ. ಮಂಜೇಶ್ವರದ ಹುಡುಗಿ ಮಂಗಳೂರಲ್ಲಿ ಪಿಯುಸಿ ಮಾಡಿದರೆ ಸುರತ್ಕಲ್ ಅವಳ ತವರು. ಮನೆ ಹತ್ತಿರದ ಶಾಲೆಯಲ್ಲೇ ಕೇರಳದ ಪ್ಲಸ್ ಟು (ಅವರ ಪಿಯುಸಿ) ಮಾಡಿದರೆ ಅವಳ ತವರು ಕ್ಯಾಲಿಕಟ್‌ನ ಎನ್‌ಐಟಿ! ಜತೆಗೆ ಪ್ಲಸ್ ಟುವಿನಲ್ಲಿ ಪ್ಲಸ್ ಒನ್ನಿನ ಅಂಕವೂ ಸೇರಿ ಮೊತ್ತ 1200, ಮೊದಲ ವರ್ಷ ಕಾಲು ಚಾಚಿದರೆ ಕೊನೆಗೆ ಹೊಡೆಯುತ್ತದೆ. ನಮ್ಮಲ್ಲಿ ಫಸ್ಟ್ ಪಿಯುಸಿಯ ಅಂಕ ಮಾರ್ಕ್ಸ್ ಕಾರ್ಡಿಗೆ ಬರುವುದಿಲ್ಲ.

ನಮ್ಮ ಸಿಇಟಿಯ ಹಾಗಿನ ಕೇರಳದ ಕೀಮ್ ಪರೀಕ್ಷೆ ಕೇಳುವುದು ನೇಟಿವಿಟಿ, ಅಂದರೆ ಕೇರಳದವರೇ ಎಂಬ ದಾಖಲೆ. ಕೇರಳದಲ್ಲಿ ಹುಟ್ಟಿದ್ದಕ್ಕೆ ದಾಖಲೆ ಇದ್ದರೆ ಸುಲಭ. ಆದರೆ ಮಂಜೇಶ್ವರದವರು ಹೆರಿಗೆಗೆ ಬರುವುದೇ ಮಂಗಳೂರಿನ ಆಸ್ಪತ್ರೆಗೆ. ಹಾಗಾಗಿ ಜನನ ಪತ್ರದಲ್ಲಿ ಮಂಗಳೂರು. ಆಮೇಲೆ ವಿಲೇಜ್ ಆಫೀಸಿಗೆ ಹೋಗಿ, ಇದು ಇಲ್ಲಿಯದ್ದೇ ಮಗು ಎಂದು ಬರೆಸಿಕೊಂಡು ಬರಬೇಕು.

ಎಲ್ಲಕ್ಕಿಂತ ಗೋಜಲು ಸಿಇಟಿ ನಡೆಸುವ ನಮ್ಮ ಪರೀಕ್ಷಾ ಪ್ರಾಧಿಕಾರದ (ಕೆಇಎ) ಏಳು ವರ್ಷದ ನಿಯಮ. ಒಂದರಿಂದ ಹನ್ನೆರಡರೊಳಗೆ ಕನಿಷ್ಠ 7 ವರ್ಷ ಕರ್ನಾಟಕದಲ್ಲಿ ಓದಿರಬೇಕು, ಇದು ಸಾಮಾನ್ಯ ದಾರಿ. ಗಡಿನಾಡ ಕನ್ನಡಿಗರದ್ದು ಇನ್ನೊಂದು ದಾರಿ: ಮಾತೃಭಾಷೆ ಕನ್ನಡ, ತುಳು ಅಥವಾ ಕೊಡವ ಆಗಿರಬೇಕು, ಗೊತ್ತುಮಾಡಿದ ಗಡಿ ತಾಲೂಕುಗಳಲ್ಲಿ 7 ವರ್ಷ ಓದಿರಬೇಕು. ಕೇರಳದ ಕಡೆ ಅವು ಮಂಜೇಶ್ವರ, ಕಾಸರಗೋಡು, ಹೊಸದುರ್ಗ. ಮಹಾರಾಷ್ಟ್ರದ ಕಡೆ ಜತ್ತ, ಅಕ್ಕಲಕೋಟೆ, ಗಡಹಿಂಗ್ಲಜ ಇತ್ಯಾದಿ.

ಈಗ ಬೆರಳು ಮಡಚಿ ಎಣಿಸು. ನಾಲ್ಕನೆಯದ್ದರವರೆಗೆ ಊರಿನ ಎಲ್‌ಪಿ (ಕಿರಿಯ ಪ್ರಾಥಮಿಕ) ಶಾಲೆ, ಐದಕ್ಕೆ ಈ ಕಡೆ ಬಂದರೆ ಕರ್ನಾಟಕದಲ್ಲಿ 8 ವರ್ಷ, ಸಾಮಾನ್ಯ ದಾರಿಯೇ ಸಾಕು. ಆರಕ್ಕೆ ಬಂದರೂ ಸರಿಯಾಗಿ 7. ಏಳರವರೆಗಿನ ಯುಪಿ (ಹಿರಿಯ ಪ್ರಾಥಮಿಕ) ಮುಗಿಸಿ ಎಂಟಕ್ಕೆ ಬಂದರೆ ಗಡಿಯಲ್ಲಿ 7, ಇಲ್ಲಿ 5. ಆಗ ಗಡಿನಾಡ ದಾರಿ ನೋಡಬೇಕು, ಅರ್ಹತಾ ಪರೀಕ್ಷೆ, ಅಂದರೆ ಹನ್ನೆರಡನೆಯದ್ದು, ಎಲ್ಲಿ ಪಾಸಾಗಿರಬೇಕು ಎಂಬ ಸಾಲನ್ನು ಆ ವರ್ಷದ ಸಿಇಟಿ ಕೈಪಿಡಿಯಲ್ಲಿ ಎರಡೆರಡು ಸಲ ಓದಬೇಕು. ಏಳನೇ ಕ್ಲಾಸಿಗೆ ಬಂದ ಮಗುವಿಗೆ? ಅಲ್ಲಿ 6, ಇಲ್ಲಿ 6. ಹನ್ನೆರಡೂ ವರ್ಷ ಕನ್ನಡದ ನೆಲದಲ್ಲೇ ಓದಿದ ಮಗು ಎರಡೂ ಕಡೆ ಒಂದೊಂದು ವರ್ಷ ಕಮ್ಮಿ. ಅಪ್ಪನಿಗೆ ವರ್ಗವಾಯಿತು, ವ್ಯಾನಿನ ಬಾಡಿಗೆ ಏರಿತು ಎಂದು ಏಳಕ್ಕೆ ಶಾಲೆ ಬದಲಿಸಿದವರಿಗೆ ಇದರ ಬಿಸಿ ತಟ್ಟುವುದು ಐದಾರು ವರ್ಷ ಕಳೆದು, ಸಿಇಟಿ ಅರ್ಜಿ ವರ್ಷ ವರ್ಷದ ಶಾಲೆ, ತಾಲೂಕು ಕೇಳಿದಾಗ.

ಆಗ ಕೈ ಹಿಡಿಯುವುದು ಅಮ್ಮನ ತವರು. ಪಿಯುಸಿ ಎರಡೂ ವರ್ಷ ಕರ್ನಾಟಕದಲ್ಲಿ ಓದಿ ಪಾಸಾಗಿ, ಅಪ್ಪ ಅಮ್ಮರಲ್ಲಿ ಒಬ್ಬರು ಕರ್ನಾಟಕದಲ್ಲಿ ಕನಿಷ್ಠ 7 ವರ್ಷ ಓದಿದ್ದರೆ ಮಗುವಿಗೆ ಅರ್ಹತೆ ಉಂಟು. ಪುತ್ತೂರು, ಬಂಟ್ವಾಳದಿಂದ ಆ ಕಡೆಗೆ ಮದುವೆಯಾಗಿ ಹೋದ ಹೆಂಗಸರು ಎಷ್ಟೋ ಜನ. ಅವರ ಹಳೇ ಶಾಲೆಯಿಂದ ವ್ಯಾಸಂಗ ಪತ್ರ ತೆಗೆದು ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಮೇಲುರುಜು ಹಾಕಿಸಬೇಕು. ಕೈಕೊಡುವುದು ಮೂರು ಕಡೆ. ಶಾಲೆಯ ದಾಖಲೆಯಲ್ಲಿ ಅವಳ ತಂದೆಯ ಇನಿಶಿಯಲ್, ಆಧಾರಿನಲ್ಲಿ ಗಂಡನ ಹೆಸರು. ಶಾಲೆ ಮುಚ್ಚಿದ್ದರೆ ರಿಜಿಸ್ಟರ್ ಯಾವ ಶಾಲೆಗೆ ಹೋಗಿದೆ ಎಂದು ಬಿಇಒ ಕಚೇರಿಯಲ್ಲೇ ಹುಡುಕಬೇಕು. ಇನ್ನು ಎರಡು ಶಾಲೆಯಲ್ಲಿ ಓದಿದ್ದರೆ ಎರಡು ಪತ್ರ, ಇಸವಿಗಳ ನಡುವೆ ತೂತು ಬೀಳಬಾರದು. ಇದನ್ನೆಲ್ಲ ಫಸ್ಟ್ ಪಿಯುಸಿ ದಸರಾ ರಜೆಯಲ್ಲಿ ಮಾಡಿಟ್ಟುಕೊಂಡವರು ಜಾಣರು. ಸೆಕೆಂಡ್ ಪಿಯುಸಿ ಎಪ್ರಿಲಿನಲ್ಲಿ ಹೊರಟರೆ ಶಾಲೆಗೆ ಬೇಸಿಗೆ ರಜೆ, ಹೆಡ್‌ಮಾಸ್ಟರು ಊರಲ್ಲಿಲ್ಲ. ಜಾತಿ ಪ್ರಮಾಣಪತ್ರದ್ದು ಇನ್ನೊಂದು ಪುರಾಣ, ಅದನ್ನು ತೆಗೆದರೆ ಈ ಪತ್ರ ಮುಗಿಯಲಿಕ್ಕಿಲ್ಲ.

ಗಡಿನಾಡ ದಾರಿಯಲ್ಲಿ ಬಂದವರಿಗೆ ಕೊನೆಗೆ ಒಂದು ಕನ್ನಡ ಪರೀಕ್ಷೆ. 50 ಅಂಕ, 12 ಬಂದರೆ ಸಾಕು, ಮಟ್ಟ ನಾಲ್ಕನೇ ಕ್ಲಾಸಿನದ್ದು. ಅಂಕ ರ‍್ಯಾಂಕಿಗೆ ಸೇರುವುದಿಲ್ಲ, ಆದರೆ ಬರೆಯದಿದ್ದರೆ ಅರ್ಹತೆಯೇ ಇಲ್ಲ. ಸಿಇಟಿಯ ಆಸುಪಾಸಿನ ದಿನ ಬೇರೆಯೇ ನಡೆಯುತ್ತದೆ, ಹಾಲ್ ಟಿಕೆಟಿನಲ್ಲಿ ಆ ದಿನ ನೋಡದೆ ತಪ್ಪಿಸಿಕೊಂಡರೆ ಫಿಸಿಕ್ಸಿನಲ್ಲಿ 60ಕ್ಕೆ 60 ಬಂದರೂ ನೀರಲ್ಲಿ ಹೋಮ. ಕಾಸರಗೋಡಿನ ಕನ್ನಡ ಮಾಧ್ಯಮದಲ್ಲಿ ಹತ್ತು ವರ್ಷ ಓದಿ, ಪ್ಲಸ್ ಟುವಿನಲ್ಲೂ ಎರಡನೇ ಭಾಷೆ ಕನ್ನಡವೇ ತಗೊಂಡ ಹುಡುಗ ನಾಲ್ಕನೇ ಕ್ಲಾಸಿನ ಪ್ರಶ್ನೆಗೆ ಉತ್ತರ ಬರೆದು ತಾನು ಕನ್ನಡದವನು ಎಂದು ತೋರಿಸಬೇಕು. ಎಸ್ಸೆಸ್ಸೆಲ್ಸಿ ಆದ ಮರುದಿನ ಕನ್ನಡ ಪುಸ್ತಕ ಗುಜರಿಗೆ ಕೊಟ್ಟ ಮಂಗಳೂರಿನವನನ್ನೂ ಬೆಂಗಳೂರಿನವನನ್ನೂ ಯಾರೂ ಕೇಳುವುದಿಲ್ಲ. ನಿನ್ನ ಅಣ್ಣನ ಮಗ ಫ್ರೆಂಚ್ ತಗೊಂಡಿದ್ದಾನೆ ಅಂದಿದ್ದಿಯಲ್ಲ, ಅವನನ್ನೂ ಕೇಳುವುದಿಲ್ಲ.

"ನಮ್ಮ ಸೀಟು" ಅಂದದ್ದಕ್ಕೆ ಇಷ್ಟು ಬರೆದದ್ದು. ಮಂಜೇಶ್ವರದ ಬದಿಯ ಉಪ್ಪಳದಲ್ಲಿ ನಿನಗೆ ಗೊತ್ತಿರುವ ಯಾರದ್ದಾದರೂ ಮಗು ಈಗ ಆರರಲ್ಲಿ ಇದ್ದರೆ ಅವರಿಗೆ ಒಂದು ಫೋನ್ ಮಾಡು: ಶಾಲೆ ಬದಲಿಸುವ ಯೋಚನೆ ಇದ್ದರೆ ಏಳು ಅಲ್ಲೇ ಮುಗಿಸಲಿ, ಮತ್ತೆ ಅಮ್ಮನ ಶಾಲೆಯ ಕಾಗದ ಈಗಲೇ ತೆಗೆದಿಡಲಿ. ಕಾಂಬಿನೇಷನ್ನಿಗೆ ಇನ್ನೂ ನಾಲ್ಕು ವರ್ಷ ಉಂಟು.